ಹದಿನೆಂಟು ಸುತ್ತಿನ ದಣಿವು

ನಮ್ಮೂರ ಸೈಕಲ್ ಓಟ ಕೆಟ್ಟುಹೋಗಿದೆ ಎಂದು ಮೊದಲು ಹೇಳಿದವರು ಯಾರೋ ನನಗೆ ಗೊತ್ತಿಲ್ಲ. ಅದನ್ನು ಸರಿಮಾಡಿಯೇ ಬಿಡುತ್ತೇವೆ ಎಂದು ತೋಳೇರಿಸಿ ಬಂದವರನ್ನು ಮಾತ್ರ ಇಪ್ಪತ್ತೆರಡು ವರ್ಷಗಳಿಂದ ನೋಡುತ್ತಿದ್ದೇನೆ. ಬರುತ್ತಾರೆ, ಹಾರ ಹಾಕಿಸಿಕೊಳ್ಳುತ್ತಾರೆ, ಒಂದು ಹೊಸ ನಿಯಮ ಓದುತ್ತಾರೆ, ತಟ್ಟೆಯಲ್ಲಿದ್ದ ಗೋಡಂಬಿ ಖಾಲಿ ಮಾಡಿ ಹೋಗುತ್ತಾರೆ. ಅವರು ಹೋದ ಮೇಲೆ ನೋಡಿದರೆ ಓಟ ಮೊದಲಿಗಿಂತ ಒಂದು ಗೇಣು ಹೆಚ್ಚೇ ಕೆಟ್ಟಿರುತ್ತದೆ. ನನ್ನ ಹೆಸರು ಕಾಶವ್ವ. ಓಟದ ಕಚೇರಿಯ ಮುಂದೆ ಹನ್ನೊಂದು ಮೆಟ್ಟಿಲುಗಳಿವೆ. ಅವುಗಳ ಮೇಲ್ತುದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತು, ಗೆದ್ದವನು ನಿಜವಾಗಿ ದಣಿದಿದ್ದಾನೋ ಇಲ್ಲವೋ ಎಂದು ಹೇಳುವುದು ನನ್ನ ಕೆಲಸವಾಗಿತ್ತು. ಪಕ್ಕದ ಕಂಬಿ ಹಿಡಿಯದೆ ಸರಸರ ಹತ್ತಿ ಬಂದನೋ, ಅವನ ಗೆಲುವು ರದ್ದು. ದಣಿಯದೆ ಗೆದ್ದವನು ಕಳ್ಳ ಎಂಬುದು ನಮ್ಮೂರ ಹಳೆಯ ಕಾನೂನು.

ಯಾಕೆಂದರೆ ನಮ್ಮೂರಲ್ಲಿ ದಣಿವನ್ನು ಕೈಯಿಂದ ಕೈಗೆ ಕೊಡುತ್ತಾರೆ. ಅಂಗೈಗೆ ಅಂಗೈ ಹಚ್ಚಿ ಒಬ್ಬರು ‘ತಗೋ’ ಅನ್ನಬೇಕು, ಇನ್ನೊಬ್ಬರು ‘ಕೊಡು’ ಅನ್ನಬೇಕು, ಅಷ್ಟೇ. ಶಾಲೆಯ ಹೆಡ್ಮಾಸ್ತರರು ಮೂರನೇ ಪಿರಿಯಡ್ಡು ಮುಗಿಯುವ ಹೊತ್ತಿಗೆ ಜವಾನನ ಕಡೆ ಕೈ ಚಾಚುತ್ತಾರೆ. ಗಂಡ ಸಂಜೆ ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲೇ ಹೆಂಡತಿಯ ಕಡೆ ಕೈ ಚಾಚುತ್ತಾನೆ. ಹೆಣ್ಣು ನೋಡಲು ಬಂದವರು ಹಾಡು ಬರುತ್ತದೆಯೇ ಎಂದು ಕೇಳುವುದಿಲ್ಲ, ‘ದಣಿವು ಎಷ್ಟ ತಡೀತಾಳ್ರಿ?’ ಎಂದು ಕೇಳುತ್ತಾರೆ. ಹುಡುಗಿಯ ತಂದೆ ಎದೆಯುಬ್ಬಿಸಿ, ‘ನಂದೆಲ್ಲಾ ಅಕೀನ ತಗೋತಾಳ್ರಿ, ಒಂದ ದಿನ ಹಾಂ ಹೂಂ ಅಂದಿಲ್ಲ’ ಎನ್ನುತ್ತಾನೆ. ಒಲ್ಲೆ ಅನ್ನುವ ಹಕ್ಕು ತೆಗೆದುಕೊಳ್ಳುವವರಿಗೆ ಇದೆಯಂತೆ. ಇದೆ, ಇದೆ. ಅನ್ನುವವರನ್ನು ನಾನು ನೋಡಿಲ್ಲ. ಮೆಟ್ಟಿಲ ಮೇಲೆ ಹೆಂಗಸೊಬ್ಬಳನ್ನು ಕೂರಿಸುವ ರೂಢಿ ಬಂದದ್ದೂ ಇದಕ್ಕೇ. ದಣಿವು ಯಾವುದು, ನಾಟಕ ಯಾವುದು ಎಂದು ನೋಡಿದ ಕೂಡಲೇ ಹೇಳಬಲ್ಲ ಗಂಡಸು ನಮ್ಮೂರಲ್ಲಿ ಸಿಗಲಿಲ್ಲ.

ನಾನು ಚಿಕ್ಕವಳಿದ್ದಾಗ ಓಟ ಇದ್ದದ್ದು ಮೂರೇ ಸುತ್ತು. ಗುಡ್ಡ ಹತ್ತಿ ಇಳಿದು ಕಾಲುವೆ ದಂಡೆ ಹಿಡಿದು ಬಂದರೆ ಹತ್ತು ಮೈಲಿ, ಅದು ಒಂದು ಸುತ್ತು. ಅಂಚೆಯವರು, ಹಾಲಿನವರು, ನೇಕಾರರ ಹುಡುಗರು ಓಡಿಸುತ್ತಿದ್ದರು. ಬೆವರುತ್ತಿದ್ದರು, ಬಂದು ಮೆಟ್ಟಿಲ ಬುಡದಲ್ಲಿ ಉಸ್ಸಪ್ಪಾ ಎಂದು ಕೂರುತ್ತಿದ್ದರು, ನೋಡಲು ಚೆನ್ನಾಗಿತ್ತು. ಆಮೇಲೆ ಕಂಪನಿಗಳು ಬಂದವು. ತಮ್ಮ ಹೆಸರಿನ ಅಂಗಿ ಹಾಕಿದವರು ಜನರ ಕಣ್ಣಿಗೆ ಇನ್ನೂ ಒಂದು ಸಲ ಬೀಳಲಿ, ಇನ್ನೂ ಒಂದು ಸಲ ಬೀಳಲಿ ಎಂದು ಮೂರು ಸುತ್ತನ್ನು ಆರು ಮಾಡಿಸಿದವು, ಆರನ್ನು ಹನ್ನೆರಡು ಮಾಡಿಸಿದವು, ಕೊನೆಗೆ ಹದಿನೆಂಟು. ಹದಿನೆಂಟು ಸಲ ಆ ಗುಡ್ಡವನ್ನು ಆ ವೇಗದಲ್ಲಿ ಹತ್ತಲು ಮನುಷ್ಯನ ಕಾಲಿಗೆ ಸಾಧ್ಯವಿಲ್ಲ. ಇದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಪ್ರತಿ ವರ್ಷ ಯಾರೋ ಒಬ್ಬರು ಹದಿನೆಂಟು ಸುತ್ತು ಮುಗಿಸಿ ಬರುತ್ತಾರೆ, ಬ್ಯಾಂಡು ಬಾರಿಸುತ್ತದೆ.

ಇನ್ನು ತಂಡಗಳ ಕಥೆ ಕೇಳಬೇಡಿ. ಹೋದ ವರ್ಷ ಹಪ್ಪಳದ ತಂಡ ಎಂದಿದ್ದದ್ದು ಈ ವರ್ಷ ಸಿಮೆಂಟಿನ ತಂಡ. ಹಪ್ಪಳದವರಿಗೆ ಮನಸ್ಸು ಬದಲಾದ ಮರುದಿನ ಇಪ್ಪತ್ತು ಸವಾರರು ಬೀದಿಗೆ ಬಿದ್ದರು, ಹದಿನೈದು ದಿನಕ್ಕೆ ಅದೇ ಮುಖಗಳು ಸಿಮೆಂಟಿನ ಅಂಗಿ ತೊಟ್ಟು ಬಂದವು. ಓಟದ ನಡುವೆ ಫೋಟೋದವರ ಮೋಟಾರು ಸೈಕಲ್ಲು, ಅತಿಥಿಗಳ ಜೀಪು, ಜೀಪಿನ ಹಿಂದೆ ಅತಿಥಿಗಳ ಭಾವಮೈದುನರ ಜೀಪು. ಸವಾರರು ಇವುಗಳ ಸಂದಿಯಲ್ಲಿ ನುಸುಳಿ ಬರಬೇಕು. ಗೆಲ್ಲುವ ಗೆರೆ ಹಿಂದೆ ನೇರ ರಸ್ತೆಯಲ್ಲಿತ್ತು. ಓಟದ ಸಮಿತಿಯ ಅಧ್ಯಕ್ಷ ಸಂಗನಬಸಪ್ಪ ಹೊಸ ಮನೆ ಕಟ್ಟಿಸಿದ ಮೇಲೆ, ಮನೆ ಫೋಟೋದಲ್ಲಿ ಬರಲಿ ಎಂದು ಗೆರೆಯನ್ನು ತಿರುವಿಗೆ ತಂದರು. ಆ ತಿರುವಿನಲ್ಲಿ ಈವರೆಗೆ ಮೂವರ ಹಲ್ಲು, ಇಬ್ಬರ ಭುಜದ ಮೂಳೆ, ಒಬ್ಬ ಬಡಪಾಯಿಯ ಪ್ರಾಣ ಹೋಗಿವೆ. ಅಧ್ಯಕ್ಷರು ಆ ಜಾಗದಲ್ಲಿ ಹೂಕುಂಡ ಇಡಿಸಿದ್ದಾರೆ.

ಆರು ಸಲ ಗೆದ್ದ ಯಮನೂರಿ ನನ್ನ ತಮ್ಮ. ಅವನಿಗೆ ನಾಲ್ಕು ವರ್ಷವಿದ್ದಾಗ ಅವ್ವ ತೀರಿಕೊಂಡಳು, ನನ್ನ ಬೆನ್ನ ಮೇಲೆ ಬೆಳೆದವನು. ಶಾಲೆಗೆ ಚಕ್ಕರ್ ಹೊಡೆಯಲು ಹೊಟ್ಟೆನೋವಿನ ಆಟ ಕಟ್ಟುವಾಗ ಅವನ ಎಡ ಹುಬ್ಬು ಮೇಲೇರುತ್ತಿತ್ತು. ಆರು ವರ್ಷವೂ ಐದನೇ ಮೆಟ್ಟಿಲಿಗೆ ಬಂದು, ಕಂಬಿಗೆ ಜೋತುಬಿದ್ದು, ‘ಯಪ್ಪಾ’ ಎಂದು ನರಳುವಾಗ ಅದೇ ಹುಬ್ಬು ಮೇಲೇರಿತು. ನಾಟಕ ಕಂಪನಿ ಬಿಟ್ಟು ಬಂದ ಮುದುಕನೊಬ್ಬ ಮೂರು ತಂಡಗಳಿಗೆ ತೂರಾಡುವುದನ್ನು, ಕುಸಿಯುವುದನ್ನು ಕಲಿಸುತ್ತಿದ್ದ, ಅದೂ ನನಗೆ ಗೊತ್ತಿತ್ತು. ಗೊತ್ತಿದ್ದೂ ಆರು ಸಲ ಕುರ್ಚಿಯಿಂದ ಎದ್ದು ನಿಂತು ‘ದಣಿದಾನ’ ಎಂದು ಸಾರಿದೆ. ನನ್ನ ತಮ್ಮ ಗೆದ್ದ ಎಂಬ ಕೊಬ್ಬು ನನಗೂ ಇತ್ತು. ಊರಿನವರನ್ನೆಲ್ಲ ಬೈಯುವ ನನ್ನ ಬಾಯಿ ನನ್ನ ಮನೆ ಬಾಗಿಲಿಗೆ ಬಂದಾಗ ಹೊಲಿದುಕೊಂಡುಬಿಡುತ್ತಿತ್ತು.

ಅವನ ದಣಿವು ಹೋಗುತ್ತಿದ್ದದ್ದು ಅವನ ಹೆಂಡತಿ ನಿಂಬೆವ್ವನಿಗೆ, ಅವಳ ಜೊತೆ ತಂಡದವರು ಗೊತ್ತುಮಾಡಿದ ಇನ್ನು ಮೂವರು ಹೆಂಗಸರಿಗೆ. ರಸ್ತೆಬದಿಯ ನೀರಿನ ಕಟ್ಟೆಯಲ್ಲಿ ಬಾಟಲಿ ಕೊಡುವ ನೆಪದಲ್ಲಿ ಅಂಗೈ ತಾಗಿಸಿ, ಒಂದೊಂದು ಸುತ್ತಿಗೆ ಒಬ್ಬೊಬ್ಬಳಂತೆ ತೆಗೆದುಕೊಳ್ಳುತ್ತಿದ್ದರು. ಎಲ್ಲ ತಂಡಗಳೂ ಇದನ್ನೇ ಮಾಡುತ್ತಿದ್ದವು. ನೀರಿನ ಕಟ್ಟೆಯ ಹಿಂದೆ ಚಾಪೆಗಳ ಸಾಲು ಇರುತ್ತಿತ್ತು. ಅಧ್ಯಕ್ಷರು ಅತಿಥಿಗಳನ್ನು ಕರೆದುಕೊಂಡು ಹಾಯುವಾಗ, ‘ಬಿಸಲಿಗೆ ಮಲಗ್ಯಾರ್ರಿ, ನಮ್ಮ ಹೆಣ್ಮಕ್ಕಳಿಗೆ ಓಟ ಅಂದ್ರ ಭಾಳ ಹುಚ್ಚು’ ಎನ್ನುತ್ತಿದ್ದರು.

ಈ ವರ್ಷ ಸುಧಾರಣೆಗೆಂದು ಹೊರಗಿನಿಂದ ಹೇರೂರ ಸಾಹೇಬರು ಬಂದರು. ಓಟಗಳನ್ನು ತಿದ್ದುವುದರಲ್ಲಿ ತಜ್ಞರಂತೆ. ಒಂದು ಸಲವೂ ಸೈಕಲ್ಲಿನ ಮೇಲೆ ಕೂತವರ ಹಾಗೆ ಕಾಣಲಿಲ್ಲ, ಕುರ್ಚಿಯ ಮೇಲೆ ಮಾತ್ರ ಚೆನ್ನಾಗಿ ಕೂತರು. ಸಮಿತಿಯ ಹದಿಮೂರು ಗಂಡಸರು, ಬಾಗಿಲ ಹತ್ತಿರ ನಾನು. ಸಾಹೇಬರು ಚೀಲದಿಂದ ಒಂದು ಜೊತೆ ದಪ್ಪ ಕೈಗವಸು ತೆಗೆದು ಮೇಜಿನ ಮೇಲಿಟ್ಟರು. ಓಟ ಶುರುವಾಗುವ ಮೊದಲು ಸವಾರರೆಲ್ಲರ ಕೈಗೂ ಇವನ್ನು ತೊಡಿಸಿ, ಮಣಿಕಟ್ಟಿಗೆ ಅರಗಿನ ಮುದ್ರೆ ಒತ್ತುವುದು. ಗೆದ್ದವನ ಕೊರಳಿಗೆ ಹಾರ ಬೀಳುವವರೆಗೆ ಮುದ್ರೆ ಒಡೆಯುವಂತಿಲ್ಲ. ಅಂಗೈಗೆ ಅಂಗೈ ತಾಗದಿದ್ದರೆ ದಣಿವು ಎಲ್ಲಿಗೆ ಹೋದೀತು? ಹದಿಮೂರು ಜನರೂ ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಇಷ್ಟು ಸರಳ ಉಪಾಯ ನಮ್ಮ ತಲೆಗೆ ಹೊಳೆಯಲಿಲ್ಲವಲ್ಲಾ ಎಂದರು.

ನನಗೆ ನಗು ಬಂತು. ದಣಿವು ಹರಿಯಲು ಶುರುವಾಗುವುದಕ್ಕೆ ಅಂಗೈ ಬೇಕು. ಶುರುವಾದ ಮೇಲೆ ಬೇಡ. ತೆಗೆದುಕೊಂಡವಳು ಬಾಯಿಬಿಟ್ಟು ‘ಸಾಕು’ ಅನ್ನುವ ತನಕ ಅದು ಹರಿಯುತ್ತಲೇ ಇರುತ್ತದೆ, ಕೊಟ್ಟವನು ಗುಡ್ಡದಾಚೆ ಇದ್ದರೂ ಸರಿ. ಇದು ನಮ್ಮೂರ ಪ್ರತಿಯೊಬ್ಬ ಹೆಂಗಸಿಗೂ ಗೊತ್ತು, ಪ್ರತಿಯೊಬ್ಬ ಜವಾನನಿಗೂ ಗೊತ್ತು. ಆ ಕೋಣೆಯಲ್ಲಿದ್ದ ಹದಿಮೂರು ಜನರಿಗೆ ಮಾತ್ರ ಗೊತ್ತಿರಲಿಲ್ಲ. ಅವರು ಜೀವಮಾನದಲ್ಲಿ ಕೊಟ್ಟವರೇ ಹೊರತು ಒಂದು ಸಲ ತೆಗೆದುಕೊಂಡವರಲ್ಲ. ಕೊಟ್ಟವನಿಗೇನು, ಹಗುರಾಗಿ ಎದ್ದು ಹೋಗುತ್ತಾನೆ, ಹಿಂದೆ ಏನಾಯಿತೆಂದು ತಿರುಗಿ ನೋಡುತ್ತಾನೆಯೇ?

“ರೀ ಅಧ್ಯಕ್ಷರ, ಒಂದ ಮಾತು,” ಎಂದೆ. “ಗ್ಲೌಸ್ ಗೀಸ್ ಯಾಕ್ರಿ? ಹದಿನೆಂಟ ಸುತ್ತ ತಗದು ಮೊದಲಿನಂಗ ಮೂರ ಮಾಡ್ರಿ. ಅವರವರ ದಣಿವು ಅವರವರ ಕಾಲಾಗ ಹಿಡಸ್ತೈತಿ. ಮತ್ತ ಒಂದ ಸಲ ಆ ಚಾಪಿ ಮ್ಯಾಲ ಮಲಗೂ ಹೆಣ್ಮಕ್ಕಳನ್ನ ಕರದು ಕೇಳ್ರಿ, ಏನ ಆಗ್ತೈತಿ ಅಂತ.”

ಸಂಗನಬಸಪ್ಪ ಹೇರೂರ ಸಾಹೇಬರ ಕಡೆ ನೋಡಿ ನಕ್ಕರು. “ಕಾಶವ್ವ, ಮೂರ ಸುತ್ತಿಗೆ ಯಾವ ಕಂಪನಿ ಬರ್ತೈತಿ? ನೀ ಮೆಟ್ಟಲ ಕಡೆ ನೋಡ್ಕೋ, ಓಟ ನಾವು ನೋಡ್ಕೋತೀವಿ.”

ಸಾಹೇಬರು ಮಾತ್ರ ಬಹಳ ಸಭ್ಯರು. “ಇರಲಿ, ಇತರೆ ವಿಷಯಗಳಲ್ಲಿ ಸೇರಿಸಿಕೊಳ್ಳೋಣ,” ಎಂದು ಗುಮಾಸ್ತನಿಗೆ ಹೇಳಿದರು. ಇನ್ನೊಂದು ಗೋಡಂಬಿ ಬಾಯಿಗೆ ಹಾಕಿಕೊಂಡರು. ಮುದ್ರೆಯಿಂದ ಏನೂ ಆಗುವುದಿಲ್ಲ, ಬೆಳಿಗ್ಗೆಯೇ ಕೊಟ್ಟು ಬರುತ್ತಾರೆ ಎಂದು ನಾನು ಕೂಗಿ ಹೇಳಬಹುದಿತ್ತು. ಹೇಳಲಿಲ್ಲ. ಅವಮಾನಕ್ಕೆ ಬಾಯಿ ಮುಚ್ಚಿದೆ ಎಂದು ಆಗ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸುಳ್ಳು. ಹೇಳಿದರೆ ತಮ್ಮನ ಏಳನೇ ಗೆಲುವು ಹೋಗುತ್ತದೆ ಎಂದೇ ಬಾಯಿ ಮುಚ್ಚಿದ್ದು.

ಆ ಸುಧಾರಣೆಯಿಂದ ಆದದ್ದು ಒಂದೇ. ಮೊದಲು ನಾಲ್ಕು ಹೆಂಗಸರು ಹಂಚಿಕೊಂಡು, ನಡುನಡುವೆ ಮಲಗಿ ಎದ್ದು ಹೊರುತ್ತಿದ್ದದ್ದನ್ನು ಈಗ ಒಬ್ಬಳೇ ಹೊರಬೇಕಾಯಿತು. ಬೆಳಿಗ್ಗೆ ಒಬ್ಬಳ ಕೈ ಹಿಡಿದರೆ ಸಂಜೆಯ ತನಕ ಅವಳದೇ ಪಾಡು. ಕೈಗವಸು ಬಂದ ಮೇಲೆ ಹನ್ನೆರಡು ಸುತ್ತಿನ ಎರಡು ಸಣ್ಣ ಓಟಗಳು ನಡೆದವು. ಮೊದಲನೆಯದರ ನಂತರ ನಿಂಬೆವ್ವ ಐದನೇ ದಿನ ಎದ್ದಳು. ಎರಡನೆಯದರ ನಂತರ ಒಂಬತ್ತನೇ ದಿನ. ಮೂವತ್ತೊಂದು ವರ್ಷದ ಹೆಂಗಸು ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗುತ್ತಿದ್ದಳು. ನಾನೇ ಡಾಕ್ಟರನ್ನು ಕರೆಸಿದೆ. ಅವರು ನಾಡಿ ಹಿಡಿದು, ಎದೆಗೆ ಕೊಳವೆ ಇಟ್ಟು, ನನ್ನನ್ನು ಹೊರಗೆ ಕರೆದರು. “ಇನ್ನೊಂದ ಸಲ ಇಂಥಾದ್ದು ಆದ್ರ ಹಾರ್ಟು ತಡಿಯೂದಿಲ್ಲವ್ವಾ. ಮಲಗಿದಕಿ ಏಳೂದಿಲ್ಲ,” ಎಂದರು. ಹದಿನೆಂಟು ಸುತ್ತಿನ ದೊಡ್ಡ ಓಟಕ್ಕೆ ಆಗ ಇನ್ನೂ ಒಂದು ತಿಂಗಳಿತ್ತು.

ಡಾಕ್ಟರ ಮಾತನ್ನು ಯಮನೂರಿಗೆ ಹೇಳಿದೆ. ‘ನೋಡೋಣಕ್ಕಾ’ ಎಂದ. ದೊಡ್ಡ ಓಟದ ದಿನ ಬೆಳಿಗ್ಗೆ ಅವರ ಮನೆಗೆ ಹೋದರೆ, ನಡುಮನೆಯಲ್ಲಿ ಗಂಡ ಹೆಂಡತಿ ಎದುರುಬದುರು ಕೂತಿದ್ದರು. ಅಂಗೈ ಆಗಲೇ ಬಿಟ್ಟಿದ್ದರು. ಕೊಟ್ಟು ಆಗಿತ್ತು. ಅವನು ಸಿಮೆಂಟಿನ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ.

“ಎಲೋ, ನಿನಗ ಕರುಳು ಐತೇನೋ?” ಎಂದೆ. “ಡಾಕ್ಟರ್ ಏನಂದ್ರು ಹೇಳಿದ್ನೋ ಇಲ್ಲೋ?”

“ಅಕ್ಕಾ, ಇದೊಂದ ಸಲ. ಏಳನೇದ್ದು ಆತಂದ್ರ ಬಿಟ್ಟಬಿಡ್ತೀನಿ.” ಮುಖ ನೋಡದೆ ಹೇಳಿದ. “ನಾ ಒಬ್ಬಂವ ಕೊಡಲಿಲ್ಲಂದ್ರ ಏನಾತು? ಉಳದವ್ರೆಲ್ಲಾ ಕೊಟ್ಟಬಂದಿರ್ತಾರ. ನಾ ಎರಡನೇ ಸುತ್ತಿಗೆ ರಸ್ತಾದಾಗ ಬೀಳೂದು, ಅವರು ನನ್ನ ಮ್ಯಾಲ ಹಾದ ಹೋಗೂದು. ಅದು ನ್ಯಾಯ ಏನು?”

ಎಲ್ಲರೂ ಕದಿಯುತ್ತಾರೆ ಎಂಬುದೇ ಅವನ ನ್ಯಾಯ. ಕಪಾಳಕ್ಕೆ ಎರಡು ಬಿಗಿಯೋಣ ಅನ್ನಿಸಿತು. ಅಷ್ಟರಲ್ಲಿ ತಂಡದವರ ಜೀಪು ಬಾಗಿಲಿಗೆ ಬಂತು, ಮುದ್ರೆ ಒತ್ತಿಸಿಕೊಳ್ಳಲು ಓಡಿದ. ನಾನು ನಿಂಬೆವ್ವನ ಪಕ್ಕ ಕೂತೆ. “ಹುಚ್ಚಿ, ಈಗರ ಸಾಕು ಅನ್ನು. ಓಟ ಇನ್ನ ಶುರು ಆಗಿಲ್ಲ, ಅಂವ ಗೆರಿ ಮ್ಯಾಲ ನಿಂತಾಗ ಗೊತ್ತಾಗ್ಲಿ.”

ಅವಳು ತಲೆ ಅಲ್ಲಾಡಿಸಿದಳು. “ಹೆಂಗ ಅನ್ಲಿ ಅಕ್ಕಾ? ಲಗ್ನ ಆಗಿ ಹನ್ನೆರಡ ವರ್ಷ ಆತು, ಹೊತ್ತಿಗಿಂತ ಮೊದಲ ಒಂದ ದಿನ ಅಂದಿಲ್ಲ. ಅವರಿಗೆ ಗೊತ್ತಾಗೂದ ಗುಡ್ಡ ಹತ್ತೂ ಮುಂದ. ಹಿಂದ ಜೀಪು, ಮುಂದ ಜೀಪು. ಒಮ್ಮಿಗೇ ಕಾಲ ಸೋತು ಬಿದ್ರ? ಆ ತಿರುವಿನ್ಯಾಗ ಹೋದಾತನ ಹೆಂಡತಿ ಮಾರಿ ನಾ ನೋಡೀನಿ.”

ಬೈದೆ, ಬೇಡಿಕೊಂಡೆ, ಕೇಳಲಿಲ್ಲ. ಕಚೇರಿಯಿಂದ ಕರೆ ಬಂದಿತ್ತು, ಓಣಿ ದಾಟಿದರೆ ಅದೇ ಕಚೇರಿ. ಪಕ್ಕದ ಮನೆಯ ಖಾಜಾಬಿಗೆ ‘ಇಕಿ ಕಡೆ ಲಕ್ಷ್ಯ ಇಡವಾ’ ಎಂದು ಹೇಳಿ, ಹೋಗಿ ನನ್ನ ಕುರ್ಚಿಯಲ್ಲಿ ಕೂತೆ. ಲೌಡ್‌ಸ್ಪೀಕರಿನಲ್ಲಿ ಸಂಗನಬಸಪ್ಪ, “ನಮ್ಮೂರ ಇತಿಹಾಸದಾಗ ಮೊಟ್ಟಮೊದಲ ಸ್ವಚ್ಛ ಓಟ!” ಎಂದು ಕೂಗುತ್ತಿದ್ದರು. ಮೂವತ್ತಾರು ಸವಾರರು ದಪ್ಪ ಕೈಗವಸು ತೊಟ್ಟು, ಕೆಂಪು ಮುದ್ರೆ ಮಿಂಚಿಸುತ್ತ ಹೊರಟರು. ಊರಿನ ಮೂವತ್ತಾರು ಮನೆಗಳಲ್ಲಿ ಮೂವತ್ತಾರು ಹೆಂಗಸರು ಚಾಪೆ ಬಿಚ್ಚಿ ಮಲಗಿದರು. ಸುತ್ತು ಸುತ್ತಿಗೂ ವೇಗ ಹೆಚ್ಚುತ್ತಿತ್ತು. ಹೇರೂರ ಸಾಹೇಬರು ಕೈಗಡಿಯಾರ ನೋಡಿಕೊಂಡು, ಪ್ರಾಮಾಣಿಕತೆಯಿಂದ ವೇಗವೂ ಹೆಚ್ಚುತ್ತದೆ ಎಂದು ಪಕ್ಕದವರಿಗೆ ವಿವರಿಸುತ್ತಿದ್ದರು. ಇವರನ್ನು ಪಡೆದ ಕಾಲೇಜಾದರೂ ಯಾವುದಪ್ಪಾ ಎಂದುಕೊಂಡೆ.

ಹದಿಮೂರನೇ ಸುತ್ತಿಗೆ ಖಾಜಾಬಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿ ಬಂದಳು. “ಕಾಶವ್ವಾ, ಲಗೂನ ಬಾ. ನಿಂಬೆವ್ವ ಕಣ್ಣ ಬಿಡವಲ್ಲಳು. ತುಟಿ ನೀಲಿ ಆಗ್ಯಾವ.”

ಓಟ ನಡೆಯುವಾಗ ಮೆಟ್ಟಿಲ ಮೇಲೆ ತೀರ್ಪು ಹೇಳುವ ಪಂಚಳು ಕುರ್ಚಿ ಬಿಟ್ಟು ಏಳುವಂತಿಲ್ಲ. ಎದ್ದೆ. ಹೋಗಿ ನೋಡಿದರೆ ಚಾಪೆಯ ಮೇಲೆ ನಿಂಬೆವ್ವ ಬೆವರಿನಲ್ಲಿ ತೊಯ್ದು ಮಲಗಿದ್ದಳು, ಎರಡು ಉಸಿರಿನ ನಡುವೆ ಇಷ್ಟಿಷ್ಟು ಹೊತ್ತು ಏನೂ ಇಲ್ಲ. ಕಿವಿಯ ಹತ್ತಿರ ಬಾಯಿ ಇಟ್ಟು ಸಾಕು ಅನ್ನು ಎಂದು ಕೂಗಿದೆ. ಅನ್ನಲಿಲ್ಲ. ಅಂದಿದ್ದರೆ ಆಚೆ ಗುಡ್ಡದ ಇಳಿಜಾರಿನಲ್ಲಿ ನನ್ನ ತಮ್ಮನ ಕಾಲು ಸೋಲುತ್ತಿತ್ತು, ಅದೂ ನನಗೆ ಗೊತ್ತಿತ್ತು. ಹಾಳಾದವನು, ಆದರೂ ಸಾಯಲಿ ಎಂದು ನನ್ನಿಂದ ಅನ್ನಲಾಗಲಿಲ್ಲ. ಅವಳ ಅಂಗೈಗೆ ನನ್ನ ಅಂಗೈ ಹಚ್ಚಿ, “ಕೊಡು,” ಎಂದೆ.

ಅವಳು ಅರೆಗಣ್ಣು ತೆರೆದಳು. “ನಾ ಯಾರಿಗೂ ಕೊಟ್ಟಿಲ್ಲಕ್ಕಾ,” ಎಂದಳು. ಆ ಸ್ಥಿತಿಯಲ್ಲೂ ಅವಳಿಗೆ ಸಂಕೋಚ.

“ನಿನ್ನ ಹೆಣಾ ಎತ್ಲಿ, ಈಗ ಕೊಡತೀಯೋ ಇಲ್ಲೋ! ತಗೋ ಅನ್ನು!”

“ತಗೋ...” ಎಂದಳು.

ನಾನೂ ತೆಗೆದುಕೊಂಡವಳೇ. ಅಪ್ಪನದು, ಇದ್ದಷ್ಟು ದಿನ ಗಂಡನದು. ಇಂಥದ್ದನ್ನು ಮಾತ್ರ ಕಂಡಿರಲಿಲ್ಲ. ಮೊದಲು ಮೊಣಕಾಲು ಹೋದವು, ಆಮೇಲೆ ಸೊಂಟ, ಆಮೇಲೆ ಕುತ್ತಿಗೆ ತಲೆಯನ್ನು ಹೊರಲಾರೆ ಅಂದಿತು. ಹದಿಮೂರು ಸುತ್ತು ಒಟ್ಟಿಗೆ ಬಂತು, ಹಿಂದೆಯೇ ಹದಿನಾಲ್ಕನೆಯದು, ಹದಿನೈದನೆಯದು ಅವಳ ಮೂಲಕ ಹಾದು ಬರುತ್ತಲೇ ಇದ್ದವು. ಗುಡ್ಡದ ಏರು ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ನನ್ನ ತೊಡೆಗೇ ತಿಳಿಯುತ್ತಿತ್ತು. ನಿಂಬೆವ್ವನ ತುಟಿಗೆ ಬಣ್ಣ ಬಂತು. ಉಸಿರು ಒಂದರ ಹಿಂದೆ ಒಂದು ಸರಿಯಾಗಿ ಬರತೊಡಗಿತು. ಅದನ್ನು ನೋಡುತ್ತ ನೆಲದ ಮೇಲೆ ಬಿದ್ದುಕೊಂಡಿದ್ದೆ. ಹೊರಗೆ ಬ್ಯಾಂಡು ಶುರುವಾಯಿತು, ಆಗ ನಾವಿಬ್ಬರೂ ‘ಸಾಕು’ ಎಂದೆವು. ಗೆದ್ದವನು ಯಾರೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಖಾಜಾಬಿ ನನ್ನನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲ ಬುಡಕ್ಕೆ ತಂದಳು. ಅಲ್ಲಿ ಗದ್ದಲ. ಯಮನೂರಿ ಮೆಟ್ಟಿಲ ಮುಂದೆ ನಿಂತಿದ್ದ, ಸಂತೆಯಿಂದ ನಡೆದು ಬಂದವನ ಹಾಗೆ ಉಸಿರಾಡುತ್ತಿದ್ದ. ಕುರ್ಚಿ ಖಾಲಿ. ಸಂಗನಬಸಪ್ಪ ಕೆಂಡವಾಗಿದ್ದರು. “ಎಲ್ಲಿ ಹಾಳಾಗಿ ಹೋಗಿದ್ದಿ ಕಾಶವ್ವ? ಹತ್ತು, ಹತ್ತು, ಲಗೂ ಹೇಳಿ ಮುಗಸು!”

ತೀರ್ಪನ್ನು ಕುರ್ಚಿಯ ಹತ್ತಿರ ನಿಂತೇ ಹೇಳಬೇಕು. ಖಾಜಾಬಿಯನ್ನು ಬಿಡಿಸಿಕೊಂಡು ಮೊದಲನೇ ಮೆಟ್ಟಿಲಿಗೆ ಕಾಲೆತ್ತಿದೆ. ಏಳಲಿಲ್ಲ. ಕಂಬಿ ಹಿಡಿದೆ, ಬೆರಳು ಮಡಚಲಿಲ್ಲ. ಕೊನೆಗೆ ಮಂಡಿಯೂರಿ, ಮೊಳಕೈ ಊರಿ, ಗಲ್ಲವನ್ನು ಕಲ್ಲಿಗೆ ತಾಗಿಸಿಕೊಂಡು ತೆವಳಿದೆ. “ಕಾಶವ್ವ ಕುಡದಾಳೇನ್ರೋ!” ಎಂದು ಒಬ್ಬ ಕೂಗಿದ, ಗಂಡಸರು ಕೇಕೆ ಹಾಕಿದರು. ಮೂರನೇ ಮೆಟ್ಟಿಲಿನಲ್ಲಿ ವಾಂತಿ ಮಾಡಿಕೊಂಡೆ. ಆರನೆಯದರಲ್ಲಿ ಮಲಗಿಬಿಟ್ಟೆ. ಆ ಹೊತ್ತಿಗೆ ಜನರಲ್ಲಿದ್ದ ಹೆಂಗಸರ ಸದ್ದು ಅಡಗಿತ್ತು. ಅವರಿಗೆ ಅದು ಏನೆಂದು ಗುರುತು ಸಿಕ್ಕಿತ್ತು. ಹೆಂಗಸರ ಮುಖ ನೋಡಿ ಗಂಡಸರ ಕೇಕೆಯೂ ನಿಂತಿತು. ಹನ್ನೊಂದು ಮೆಟ್ಟಿಲಿಗೆ ಎಷ್ಟು ಹೊತ್ತಾಯಿತೋ ನನಗೆ ಗೊತ್ತಿಲ್ಲ, ಬ್ಯಾಂಡಿನವರು ವಾದ್ಯ ಕೆಳಗಿಟ್ಟು ಕೂತಿದ್ದರು. ಕುರ್ಚಿಯ ಕಾಲು ಹಿಡಿದು, ಒಂದು ಮೊಳ ಎದ್ದು, “ಬಾ,” ಎಂದು ತಮ್ಮನಿಗೆ ಹೇಳಿದೆ.

ಅವನು ಬಂದ. ಪಾಪ, ಕಲಿತದ್ದನ್ನು ಬಿಡುವುದು ಹೇಗೆ? ಐದನೇ ಮೆಟ್ಟಿಲಿಗೆ ಕಂಬಿಗೆ ಜೋತುಬಿದ್ದು ‘ಯಪ್ಪಾ’ ಎಂದ, ಹುಬ್ಬು ಮೇಲೇರಿತು. ಜನರ ನಡುವೆ ಯಾರೋ ಕಿಸಕ್ಕೆಂದರು. ಅವನ ಕಿವಿ ಕೆಂಪಾಯಿತು. ಉಳಿದ ಮೆಟ್ಟಿಲುಗಳನ್ನು ತಲೆ ತಗ್ಗಿಸಿಕೊಂಡು, ನೆಟ್ಟಗೆ ಹತ್ತಿ ಬಂದ.

“ಇಂವ ದಣಿದಿಲ್ಲ,” ಎಂದೆ. ದನಿ ಸಣ್ಣದಾಗಿತ್ತು, ಆದರೂ ಎಲ್ಲರಿಗೂ ಕೇಳಿತು. “ಹಿಂದಿನ ಆರು ಸಲನೂ ದಣಿದಿರಲಿಲ್ಲ. ಆರು ಸಲ ನಾ ಸುಳ್ಳ ಹೇಳೀನಿ. ಇಂವನ ಹದಿನೆಂಟ ಸುತ್ತು ಇವತ್ತ ನನ್ನ ಮೈಯಾಗ ಅದಾವ.” ಆಮೇಲೆ ಅವನ ಮುಂದೆ ಅಂಗೈ ಚಾಚಿದೆ. “ಯಮನೂರಿ, ಗ್ಲೌಸ್ ತಗಿ. ಇದು ನಿಂದು. ತಗೋ.”

ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. “ಮುದ್ರಿ ಒಡಿಯಂಗಿಲ್ಲ ಅಂತ ನಿಯಮ ಐತಲ್ಲಕ್ಕಾ,” ಎಂದ.

ತನ್ನ ಗೆಲುವು ರದ್ದಾಯಿತಲ್ಲ ಎಂದು ಅವನು ಅತ್ತನಂತೆ, ನಾನು ಅಷ್ಟರಲ್ಲಿ ಮೈಮರೆತಿದ್ದೆ. ಸಮಿತಿಯವರು ಎರಡನೆಯವನಾಗಿ ಬಂದವನ ಕೊರಳಿಗೆ ಹಾರ ಹಾಕಿದರು. ಅವನ ಹೆಂಡತಿ ಎಲ್ಲಿ ಮಲಗಿದ್ದಾಳೆ ಎಂದು ಯಾರೂ ಕೇಳಲಿಲ್ಲ. ಕುರ್ಚಿ ಬಿಟ್ಟು ಎದ್ದ ತಪ್ಪಿಗೆ ನನ್ನನ್ನು ಕೆಲಸದಿಂದ ತೆಗೆದರು, ಅದು ಸರಿಯೇ, ಆರು ವರ್ಷ ಹಿಂದೆಯೇ ತೆಗೆಯಬೇಕಿತ್ತು. ಸಿಮೆಂಟಿನವರು ಕೈ ತೊಳೆದುಕೊಂಡು ಹೋದರು, ಅದೇ ಸವಾರರು ಈಗ ಸೊಳ್ಳೆಬತ್ತಿಯ ಅಂಗಿ ತೊಟ್ಟಿದ್ದಾರೆ. ಹೇರೂರ ಸಾಹೇಬರು ನಲವತ್ತೆರಡು ಶಿಫಾರಸುಗಳ ವರದಿ ಕೊಟ್ಟರು. ಮೆಟ್ಟಿಲುಗಳನ್ನು ಹನ್ನೊಂದರಿಂದ ಇಪ್ಪತ್ತೊಂದಕ್ಕೆ ಏರಿಸುವುದು, ಅರಗಿನ ಬದಲು ಸೀಸದ ಮುದ್ರೆ ಒತ್ತುವುದು, ಪಂಚಳಾಗುವವಳಿಗೆ ಡಾಕ್ಟರ ಪ್ರಮಾಣಪತ್ರ ಕಡ್ಡಾಯ ಮಾಡುವುದು, ಹೂಕುಂಡಗಳನ್ನು ಹೆಚ್ಚಿಸುವುದು. ಸುತ್ತುಗಳು ಹದಿನೆಂಟೇ. ಇಪ್ಪತ್ತು ಮಾಡುವ ಬಗ್ಗೆ ಒಂದು ಉಪಸಮಿತಿ.

ನಾನು ಇಪ್ಪತ್ತಾರು ದಿನ ಮಲಗಿದೆ. ನಿಂಬೆವ್ವ ತನ್ನ ಟ್ರಂಕು ಎತ್ತಿಕೊಂಡು ನಮ್ಮನೆಗೆ ಬಂದುಬಿಟ್ಟಳು, ನನಗೆ ಗಂಜಿ ಕುಡಿಸಿದಳು, ತಲೆ ಬಾಚಿದಳು. ದಿನಕ್ಕೆ ಹತ್ತು ಸಲ, “ಒಂದ ನಾಕ ಸುತ್ತರ ನನಗ ವಾಪಸ್ ಕೊಡಕ್ಕಾ,” ಎನ್ನುತ್ತಿದ್ದಳು. “ಸುಮ್ಮನ ಕುಂಡರ್ತೀಯೋ ಇಲ್ಲೋ,” ಎಂದು ಗದರುತ್ತಿದ್ದೆ. ಯಾರಿಗೂ ಕೊಡಲಿಲ್ಲ. ಮಲಗಿದರೆ, ಉಂಡರೆ, ಸುಮ್ಮನೆ ಬಿಸಿಲು ನೋಡುತ್ತಿದ್ದರೆ ದಣಿವು ತಾನಾಗಿಯೇ ಕರಗುತ್ತದೆ. ಇದು ನನಗೆ ಐವತ್ತನೇ ವಯಸ್ಸಿನಲ್ಲಿ ತಿಳಿಯಿತು. ನಮ್ಮೂರಲ್ಲಿ ಅದನ್ನು ಯಾರೂ ಪರೀಕ್ಷಿಸಿ ನೋಡಿರಲಿಲ್ಲ. ನಾನು ಎದ್ದು ಓಡಾಡುವಂತಾದ ಮೇಲೆ ನಿಂಬೆವ್ವ ಬಜಾರದ ಖಾನಾವಳಿಗೆ ರೊಟ್ಟಿ ಮಾಡಿಕೊಡುವ ಕೆಲಸ ಹಿಡಿದಳು. ಬೆಳಿಗ್ಗೆ ಎದ್ದು ನೀರು ತಂದು, ಒಲೆ ಹಚ್ಚಿ, ಹತ್ತು ಗಂಟೆಯೊಳಗೆ ಎಂಬತ್ತು ರೊಟ್ಟಿ ಬಡಿಯುತ್ತಿದ್ದಳು.

ಅಂಥ ಒಂದು ದಿನ ಹತ್ತು ಗಂಟೆಗೆ ಯಮನೂರಿ ಬಂದ. ಸೊಳ್ಳೆಬತ್ತಿಯ ಅಂಗಿ, ಹೊಸದಾಗಿ ಕತ್ತರಿಸಿದ ಮೀಸೆ. ಹೊಸ್ತಿಲ ಆಚೆಯೇ ನಿಂತು, “ಅಕ್ಕಾ, ಆರಾಮ ಅದೀಯಾ?” ಎಂದು ನನ್ನನ್ನು ಕೇಳಿ, ಹೆಂಡತಿಯ ಕಡೆ ತಿರುಗಿದ. “ಆದದ್ದು ಆತು. ಮನಿಗೆ ನಡಿ. ಮುಂದಿನ ವಾರ ಓಟ ಐತಿ.”

ನಿಂಬೆವ್ವ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಾಗಿಲಿಗೆ ಬಂದಳು. ಹನ್ನೆರಡು ವರ್ಷದ ರೂಢಿ, ಹೋಗಿಯೇ ಬಿಡುತ್ತಾಳೆ ಎಂದುಕೊಂಡೆ. “ಕೈ ತಾ ಇಲ್ಲೆ,” ಎಂದಳು ಗಂಡನಿಗೆ. ಅವನ ಮುಖ ಅರಳಿತು. ಅಂಗೈ ಚಾಚಿ, ಬಾಯಿಪಾಠದ ಹಾಗೆ, “ತಗೋ,” ಎಂದ.

“ನೀ ಅಲ್ಲ. ಇವತ್ತ ನಾ ಅನ್ನಾಕಿ,” ಎಂದಳು. ಅಂಗೈ ಒತ್ತಿ ಹಿಡಿದಳು. “ತಗೋ.”

ಅವನು ನನ್ನ ಕಡೆ ನೋಡಿದ. ನಾನು ಛಾವಣಿ ನೋಡಿದೆ. ಓಣಿಯಲ್ಲಿ ಖಾಜಾಬಿ, ಇನ್ನಿಬ್ಬರು ಹೆಂಗಸರು ಕೊಡ ಹಿಡಿದು ನಿಂತಿದ್ದರು, ಅವರ ಮುಂದೆ ಒಲ್ಲೆ ಎನ್ನಲು ಗಂಡಸ್ತನ ಬಿಡಲಿಲ್ಲವೋ ಏನೋ. ಅಥವಾ ಎಂಬತ್ತು ರೊಟ್ಟಿಯದು ಎಷ್ಟಿದ್ದೀತು ಎಂದುಕೊಂಡನೋ. “ಕೊಡು,” ಎಂದ, ಸಣ್ಣ ದನಿಯಲ್ಲಿ. ಜೀವಮಾನದಲ್ಲಿ ಅವನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಹದಿನೆಂಟು ಸುತ್ತಿನ ವೀರ ಮೊದಲು ಬಾಗಿಲ ಚೌಕಟ್ಟು ಹಿಡಿದುಕೊಂಡ, ಆಮೇಲೆ ಜಾರಿ ಹೊಸ್ತಿಲ ಮೇಲೆ ಕೂತ. ಸೊಂಟ ಒತ್ತಿಕೊಂಡ. ಹುಬ್ಬು ಏರಲಿಲ್ಲ. ಹೆಂಡತಿಯ ಮುಖ ನೋಡಿದ.

“ಇದು... ಎಷ್ಟ ದಿನದ್ದು?” ಎಂದು ಕೇಳಿದ.

“ಇವತ್ತ ಮುಂಜಾನೇದ್ದು ಅಷ್ಟ,” ಎಂದಳು ನಿಂಬೆವ್ವ. “ಭಾಂಡೆ ಇನ್ನ ತಿಕ್ಕಿಲ್ಲ.”